ದುವಾಕ್ಕೆ ಎತ್ತಿದ ಕೈ

ಕೈ ಕೊಡಬಾರದಿತ್ತು ಎಂದು ಮುದಸ್ಸಿರನಿಗೆ ಅನಿಸುವ ಹೊತ್ತಿಗೆ ಕೊಟ್ಟಾಗಿತ್ತು. ಲತೀಫ್ ಘುಮ್ಮನನ ಅಂಗೈ ಸಾಣೆಕಲ್ಲಿನ ಮುಂದಿನಿಂದ ನೇರವಾಗಿ ಎದ್ದುಬಂದಿತ್ತು. ಎಣ್ಣೆ, ಉಕ್ಕಿನ ಪುಡಿ, ಬೆವರು.

"ಕೈ ತೊಳ್ಕೊಂಡು ಬರೋಕೇನಾಗಿತ್ತೋ ನಿಂಗೆ?"

"ಕರೆಂಟ್ ಇತ್ತಪ್ಪ. ಕರೆಂಟ್ ಇರೋವಾಗ ಸಾಣೆ ಬಿಟ್ಟು ಏಳೋನು ಹುಚ್ಚ. ಕೈಲಿದ್ದ ಇಕ್ಕಳ ಮುಗಿಸ್ದೆ, ಓಡಿ ಬಂದೆ." ಲತೀಫ್ ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳಿದ: "ಇವತ್ತು ಸಭೇಲಿ ಮಾತಾಡ್ತೀಯ ತಾನೆ?"

"ಮಾತಾಡ್ತೀನಿ."

"ಖುದಾನ ಆಣೆ?"

"ಮಾತಾಡ್ತೀನಿ ಅಂದ್ನಲ್ಲ ಮಾರಾಯ."

ಮುದಸ್ಸಿರ್ ತನ್ನ ಬಲಗೈ ನೋಡಿಕೊಂಡ. ಕಪ್ಪಾಗಿತ್ತು. ಬಿಳಿ ಸಲ್ವಾರ್, ಇಸ್ತ್ರಿ ಮುರಿಯದ ಕಮೀಜು, ಒರೆಸಿಕೊಳ್ಳುವುದೆಲ್ಲಿ? ಮುಷ್ಟಿ ಕಟ್ಟಿಕೊಂಡು ಸಂಘದ ಕಚೇರಿಯ ಮೆಟ್ಟಿಲು ಹತ್ತಿದ.

ಅವನು ಈ ಸಂಘದ ಸಂಬಳದ ಕಾರ್ಯದರ್ಶಿ. ಆಪರೇಷನ್ನಿಗೆ ಬೇಕಾಗುವ ಕತ್ತರಿ, ಚಿಮುಟ, ಇಕ್ಕಳ ಮಾಡುವವರ ಸಂಘ. ಊರಿನ ಅರ್ಧ ಜನ ಅದನ್ನೇ ಮಾಡುತ್ತಾರೆ. ಎಲ್ಲೋ ದೂರದ ದೇಶದಲ್ಲಿ ಯಾರದೋ ಹೊಟ್ಟೆ ಕೊಯ್ಯುವ ಕತ್ತರಿ ಇಲ್ಲಿಯ ಸಾಣೆ ಗಲ್ಲಿಯಲ್ಲಿ ಹುಟ್ಟುತ್ತದೆ. ಆದರೆ ಹುಟ್ಟಿದ ಕತ್ತರಿಗೆ ಗಲ್ಲಿಯ ಹೆಸರಿರುವುದಿಲ್ಲ. ಉಕ್ಕಿಗೆ ಸರಿಯಾಗಿ ಹದ ಕೊಡುವ ಕುಲುಮೆ ಗಲ್ಲಿಯವರಲ್ಲಿಲ್ಲ. ಹದ ತಪ್ಪಿದರೆ ಆಸ್ಪತ್ರೆಯವರು ಮಾಲನ್ನು ಮುಖಕ್ಕೆಸೆದು ವಾಪಸು ಕಳಿಸುತ್ತಾರೆ. ಹಾಗಾಗಿ ಗಲ್ಲಿಯವರು ಅರೆಬರೆ ಮಾಲನ್ನು ಸಂಘದ ಅಧ್ಯಕ್ಷರಾದ ಖ್ವಾಜಾ ಇಫ್ತಿಖಾರ್ ಸಾಹೇಬರಿಗೆ ಮಾರುತ್ತಾರೆ. ಖ್ವಾಜಾ ಹದ ಕೊಟ್ಟು, ತಮ್ಮ ಮುದ್ರೆ ಒತ್ತಿ, ಹಡಗು ಹತ್ತಿಸುತ್ತಾರೆ.

ಈಗ ಹೊರಗಿನ ಬ್ಯಾಂಕೊಂದು ಎಲ್ಲರಿಗೂ ಸೇರಿ ಒಂದು ಕುಲುಮೆ ಕೊಡಲು ಒಪ್ಪಿತ್ತು. ಸಂಘದ ಮೂಲಕ. ಪ್ರಶ್ನೆ ಒಂದೇ: ಕುಲುಮೆ ಎಲ್ಲಿ ಕೂರಬೇಕು? ಗಲ್ಲಿಯಲ್ಲೋ, ಖ್ವಾಜಾರ ಕಾರ್ಖಾನೆಯ ಕಾಂಪೌಂಡಿನಲ್ಲೋ?

"ಅವ್ರ ಕಾಂಪೌಂಡಿಗೆ ನನ್ನ ಮಾಲು ಹೋದ್ರೆ, ಮಾಲು ಯಾರಿಗೆ ಅಂತ ಅವ್ರಿಗೆ ಗೊತ್ತಾಗುತ್ತೆ," ಎಂದು ಲತೀಫ್ ಮೊನ್ನೆ ಹೇಳಿದ್ದ. "ಮುಂದಿನ ಸಲ ಆ ಗಿರಾಕಿ ಅವ್ರವನು. ನಾನು ಮತ್ತೆ ಅವ್ರ ಬಾಗಿಲಿಗೆ." ಜರ್ಮನಿಯ ಒಬ್ಬ ಗಿರಾಕಿಯನ್ನು ಅವನು ಹೇಗೋ ಹಿಡಿದಿದ್ದ. ಆ ಒಬ್ಬನನ್ನು ಹಿಡಿಯುವುದರಲ್ಲಿ ಅವನ ಗಡ್ಡ ಬೆಳ್ಳಗಾಗಿತ್ತು.

ಮುದಸ್ಸಿರನಿಗೆ ಇದೆಲ್ಲ ಲತೀಫನಿಗಿಂತ ಚೆನ್ನಾಗಿ ಗೊತ್ತಿತ್ತು. ಲಾಹೋರಿನಲ್ಲಿ ಓದಿದ್ದ. ಸಂಘಗಳು ಸಣ್ಣ ಉದ್ಯಮಿಯ ಬೆನ್ನಿಗೆ ಹೇಗೆ ನಿಲ್ಲಬೇಕು ಎಂಬುದರ ಮೇಲೆ ಅವನ ಭಾಷಣ ಇಸ್ಲಾಮಾಬಾದಿನ ಹೋಟೆಲುಗಳಲ್ಲಿ ಪ್ರಸಿದ್ಧವಾಗಿತ್ತು. ಗುಪ್ತ ಮತದಾನದ ನಿಯಮ ಬರೆದವನೂ ಅವನೇ. ಆ ನಿಯಮವನ್ನು ಯಾರೂ ವಿರೋಧಿಸಿರಲಿಲ್ಲ. ಬಳಸಿಯೂ ಇರಲಿಲ್ಲ.

ಸಭಾಂಗಣದಲ್ಲಿ ದೊಡ್ಡವರು ಮುಂದೆ, ಗಲ್ಲಿಯವರು ಹಿಂದೆ. ಹಾಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ. ಬ್ಯಾಂಕಿನ ಕಡೆಯಿಂದ ಬಂದಿದ್ದ ತುರ್ಕಿಯ ಹೆಂಗಸು ನೆರ್ಮಿನ್ ಹಾನಿಮ್ ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದರು. ಕಿವಿಗೆ ಸಿಕ್ಕಿಸಿಕೊಂಡ ಯಂತ್ರ ಅವರಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳುತ್ತಿತ್ತು.

ಖ್ವಾಜಾ ಬಂದರು. ಒಬ್ಬೊಬ್ಬರನ್ನೂ ಹೆಸರು ಹಿಡಿದು ವಿಚಾರಿಸಿದರು. "ಏನಪ್ಪ ಲತೀಫ್, ಮಗಳ ಮದುವೆಗೆ ನನ್ನ ಕರೀಲೇ ಇಲ್ವಲ್ಲ?"

"ಇನ್ನೂ ಆಗಿಲ್ಲ ಸಾಹೇಬ್ರೆ."

"ಮತ್ತೆ ಇನ್ಯಾವಾಗ? ನಾನು ಸತ್ತ ಮೇಲಾ? ಬಿರಿಯಾನಿ ಗೋರಿಗೇ ಕಳಿಸ್ತೀಯೇನು?"

ಎಲ್ಲರೂ ನಕ್ಕರು. ಲತೀಫನೂ ನಕ್ಕ, ಸ್ವಲ್ಪ ಹೆಚ್ಚಾಗಿಯೇ.

"ಕುಲುಮೆ ವಿಷಯ," ಎಂದರು ಖ್ವಾಜಾ. "ಜಾಗ ನಂದು. ಗೋಡೆ ನಂದು. ಕರೆಂಟ್ ಹೋದ್ರೆ ಜನರೇಟರೂ ನಂದೇ. ಬಾಡಿಗೆ ಒಂದು ಪೈಸೆ ಬೇಡ. ನಾವೆಲ್ಲ ಅಣ್ಣತಮ್ಮಂದ್ರು, ಮನೆ ಮಾತು ಇದು. ಹೇಳೋರಿದ್ರೆ ಹೇಳಿ."

ಮುಂದಿನ ಸಾಲಿನವರು ತಲೆಯಾಡಿಸಿದರು. ಮುದಸ್ಸಿರನ ಬೆನ್ನಿಗೆ ಒಂದು ನೋಟ ತಾಗಿತು. ತಿರುಗಿ ನೋಡಬೇಕಾಗಿರಲಿಲ್ಲ.

ಅವನು ಎದ್ದ. "ಖ್ವಾಜಾ ಸಾಹೇಬ್ರೆ, ಒಂದು ಮಾತು…"

"ಹೇಳು ಬೇಟಾ. ಹಾಗೇ ಚಹಾ ಎಲ್ಲಿಗೆ ಬಂತು ಅಂತಾನೂ ಹೇಳ್ಬಿಡು. ಲಾಹೋರಿಂದ ಬರ್ತಿದೆಯೋ ಏನೋ."

ಮತ್ತೆ ನಗು.

"ಬರ್ತಿದೆ ಸಾಹೇಬ್ರೆ."

"ಶಾಬಾಶ್. ಮತ್ತೆ?"

"ಜಾಗದ ಬಗ್ಗೆ…"

"ಸಾಕಾಗುತ್ತಪ್ಪ. ಪಕ್ಕದ ಗೋದಾಮೂ ಖಾಲಿ ಮಾಡಿಸ್ತೀನಿ. ನಿನ್ನ ಸಂಘ, ನಿನಗೆಷ್ಟು ಬೇಕೋ ತಗೋ."

ಹೇಳಬೇಕಾದ್ದು ಸಿದ್ಧವಿತ್ತು. ಶುದ್ಧವಾದ ವಾಕ್ಯ, ನಾಲ್ಕು ದಿನ ಕನ್ನಡಿಯ ಮುಂದೆ ತಿದ್ದಿದ್ದು. ಅದರ ಮೊದಲ ಪದ ಸಿಗಲಿಲ್ಲ.

"ಹಾಗಾದ್ರೆ ದುವಾ-ಎ-ಖೈರ್ ಮಾಡ್ಬಿಡೋಣ," ಎಂದು ಖ್ವಾಜಾ ಪ್ರಾರ್ಥನೆಗೆ ಎರಡೂ ಅಂಗೈ ಎತ್ತಿದರು.

ಈ ಊರಿನಲ್ಲಿ ಮತಕ್ಕೆ ಕೈ ಎತ್ತುವುದಿಲ್ಲ, ದುವಾಕ್ಕೆ ಎತ್ತುತ್ತಾರೆ. ಮದುವೆ ನಿಶ್ಚಯವಾಗಲಿ, ಅಂಗಡಿ ಕೈ ಬದಲಾಗಲಿ, ಎತ್ತಿದ ಕೈ ಮುಖದ ಮೇಲೆ ಸವರಿ ಇಳಿಯಿತೆಂದರೆ ಮಾತು ಮುಗಿಯಿತು. ಆಮೇಲೆ ಬಾಯಿ ತೆಗೆದವನು ಖ್ವಾಜಾರಿಗೆ ಎದುರು ಮಾತಾಡಿದವನಲ್ಲ; ದೇವರೆದುರು ಆಡಿದ ಮಾತು ಮುರಿದವನು. ಎಂಥ ಸಂಘವಯ್ಯ ಇದು! ಮತಪೆಟ್ಟಿಗೆ ಕಪಾಟಿನಲ್ಲಿ, ಅದರ ಮೇಲೆ ಚಹಾದ ಕಪ್ಪುಗಳು.

ಕೈಗಳು ಏಳುತ್ತಿದ್ದವು. ಮುಂದಿನ ಸಾಲು, ಹಿಂದಿನ ಸಾಲು. ಎತ್ತಬಾರದು ಎಂದುಕೊಂಡ ಮುದಸ್ಸಿರ್. ಕೆಳಗೆ ನೋಡಿದರೆ ತನ್ನ ಎರಡು ಅಂಗೈ ಎದೆಯ ಮುಂದೆ ಬಟ್ಟಲಿನಂತೆ ನಿಂತಿದ್ದವು. ಯಾವಾಗ ಎದ್ದವೋ. ಓರೆಗಣ್ಣಿನಲ್ಲಿ ಹಿಂದೆ ನೋಡಿದ. ಲತೀಫನ ಕೈಯೂ ಮೇಲಿತ್ತು. ತುಟಿ ಅಲುಗುತ್ತಿತ್ತು. ಏನು ಬೇಡುತ್ತಿದ್ದಾನೆ ಇವನು?

"ಆಮೀನ್," ಎಂದರು ಖ್ವಾಜಾ.

ಎಲ್ಲರೂ ಮುಖ ಸವರಿಕೊಂಡರು. ಲತೀಫನ ಹಣೆಯಿಂದ ಗಡ್ಡದವರೆಗೆ ಕಪ್ಪು ಬೆರಳುಗಳ ಗೆರೆ ಮೂಡಿತು. ಪಕ್ಕದವನು ನೋಡಿದ, ಕಣ್ಣು ಸರಿಸಿದ. ಅವನ ಪಕ್ಕದವನೂ ಅಷ್ಟೇ.

ಚಹಾ ಬಂತು.

ನೆರ್ಮಿನ್ ಹಾನಿಮ್ ಕಿವಿಯ ಯಂತ್ರ ತೆಗೆದು ಮುದಸ್ಸಿರನ ಬಳಿ ಬಂದು ಇಂಗ್ಲಿಷಿನಲ್ಲೇ ಅಂದರು: "ಒಬ್ಬರೂ ವಿರೋಧಿಸಲಿಲ್ಲ! ನಮ್ಮಲ್ಲಾಗಿದ್ರೆ ಕುರ್ಚಿ ಹಾರ್ತಿತ್ತು." ಫೋನಿನ ಕ್ಯಾಮೆರಾ ಹಿಡಿದರು. "ಸಂಘದಿಂದ ಚಿಕ್ಕವರು ಹೇಗೆ ಬೆಳೀತಾರೆ ಅಂತ ಒಂದೆರಡು ಮಾತು ಹೇಳ್ತೀರಾ?"

ಅವನು ಹೇಳಿದ. ಈಗ ಪದಗಳು ಸಾಲುಗಟ್ಟಿ ಬಂದವು. ಸಣ್ಣವನ ದನಿ, ಒಗ್ಗಟ್ಟು, ನಂಬಿಕೆ, ಒಂದೇ ಕುಲುಮೆಯ ಬೆಂಕಿ. ನೆರ್ಮಿನ್ ಅವನ ಮುಖವನ್ನೇ ನೋಡುತ್ತಿದ್ದರು, ಒಮ್ಮೆ ಏನೋ ಹೇಳಲು ಹೋಗಿ ಬಿಟ್ಟರು. ತನ್ನ ಮಾತು ತಟ್ಟಿದೆ ಎಂದುಕೊಂಡ. ಖ್ವಾಜಾ ಹತ್ತಿರ ಬಂದು ಭುಜ ತಟ್ಟಿದರು. "ನಮ್ಮ ಹುಡುಗ," ಎಂದರು ಆಕೆಗೆ. ಖ್ವಾಜಾರೂ ಅವನ ಮುಖ ನೋಡಿದರು, ಮುಗುಳ್ನಕ್ಕರು.

ಮೆಟ್ಟಿಲ ಕೆಳಗೆ ಲತೀಫ್ ಕಾಯುತ್ತಿದ್ದ.

"ನೀನೂ ಕೈ ಎತ್ತಿದ್ಯಲ್ಲೋ," ಎಂದ ಮುದಸ್ಸಿರ್.

"ನೀನೂ ಎತ್ತಿದ್ದೆ."

"ದುವಾಕ್ಕೆ ಎತ್ತದೆ ಇರೋಕಾಗುತ್ತೇನೋ?"

"ಅದೇ ಮತ್ತೆ."

ಗಾಡಿಯೊಂದು ಉಕ್ಕಿನ ಸರಳು ಹೇರಿಕೊಂಡು ಗದ್ದಲ ಮಾಡುತ್ತ ಹೋಯಿತು.

"ಬಾಡಿಗೆಯೇನೋ ಬೇಡ ಅಂದ್ರು," ಎಂದ ಲತೀಫ್.

"ಹೂಂ."

"ದೊಡ್ಡ ಮನಸ್ಸು."

ನಿನ್ನ ಮುಖ ಕಪ್ಪಾಗಿದೆ, ಒರೆಸಿಕೋ ಎನ್ನಬೇಕೆಂದು ಮುದಸ್ಸಿರ್ ಬಾಯಿ ತೆರೆದ. ಲತೀಫನೂ ಅವನ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದಿದ್ದ. ಇಬ್ಬರೂ ಮುಚ್ಚಿಕೊಂಡರು. ಲತೀಫ್ ಗಲ್ಲಿಯ ಕಡೆ ನಡೆದ. ಅಲ್ಲಿ ಕರೆಂಟ್ ಹೋಗಿತ್ತು. ಒಂದು ಸಾಣೆಯೂ ಸದ್ದು ಮಾಡುತ್ತಿರಲಿಲ್ಲ.

ಮನೆಯ ಬಾಗಿಲು ತೆಗೆದ ಹೆಂಡತಿ ಶಗುಫ್ತಾ ದಾರಿ ಬಿಡದೆ ನಿಂತಳು.

"ಎಲ್ಲಿಗೆ ಹೋಗಿದ್ರಿ?"

"ಸಭೆಗೆ. ಗೊತ್ತಲ್ಲ."

"ಇದೇ ಮುಖ ಹೊತ್ಕೊಂಡಾ?"

ಬಚ್ಚಲ ಕನ್ನಡಿಯಲ್ಲಿ ನೋಡಿಕೊಂಡ. ಹಣೆಯಿಂದ ಬಲಗೆನ್ನೆಯ ಮೇಲೆ ಹಾದು ಗಲ್ಲದವರೆಗೆ ಇಳಿದ ಕಪ್ಪು ಗೆರೆಗಳು, ಸ್ಪಷ್ಟವಾಗಿ, ಬೆರಳಿಗೊಂದು. ಕ್ಯಾಮೆರಾದ ಮುಂದೆ ಇದೇ ಮುಖ ಮಾತಾಡಿತ್ತು. ಗೇಟಿನ ಕಾವಲುಗಾರ ಇದೇ ಮುಖಕ್ಕೆ ಸಲಾಮು ಹೊಡೆದಿದ್ದ. ಊರೆಲ್ಲ ನೋಡಿತ್ತು. ಒಬ್ಬನೂ ಹೇಳಿರಲಿಲ್ಲ. ತಾನಾದರೂ ಲತೀಫನಿಗೆ ಹೇಳಿದ್ದನೇ?

ನಲ್ಲಿ ತಿರುಗಿಸಿ ಎರಡೂ ಅಂಗೈ ಜೋಡಿಸಿ ಒಡ್ಡಿದ. ನಲ್ಲಿ ಒಳಗೆಲ್ಲೋ ಗೊರಗುಟ್ಟಿತು, ಗಾಳಿ ಉಗುಳಿತು.

"ಟ್ಯಾಂಕ್ ಖಾಲಿ!" ಶಗುಫ್ತಾ ಅಡುಗೆಮನೆಯಿಂದ ಕೂಗಿದಳು. "ಕರೆಂಟ್ ಬರ್ಲಿ, ಮೋಟ್ರು ಹಾಕ್ತೀನಿ. ಅಲ್ಲೇ ನಿಂತಿರಿ, ಏನೂ ಮುಟ್ಬೇಡಿ!"

ಅವನು ನಿಂತ. ಸಂಜೆ ಬೆಳಕು ಇಳಿಯುತ್ತಿತ್ತು. ಕನ್ನಡಿಯಲ್ಲಿ ಕಪ್ಪು ಮುಖದ ಒಬ್ಬ ಮನುಷ್ಯ ಒಣಗಿದ ನಲ್ಲಿಯ ಕೆಳಗೆ ಅಂಗೈ ಒಡ್ಡಿಕೊಂಡಿದ್ದ. ತೋಳು ನೋಯತೊಡಗಿತು. ಆಮೀನ್ ಎಂದು ಆ ಕೈ ಇಳಿಸಲು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.