ಒಂಬತ್ತನೇ ಕೊಳವೆ

ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕುಲುಮೆಯಣ್ಣ ಎನ್ನುತ್ತಿದ್ದರು. ಬಾಗಿಲು ತುಂಬುವಂಥ ಆಳು, ವಯಸ್ಸು ಐವತ್ತಾರು, ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಎರಡು ಕೋಣೆಯ ಮನೆಯಲ್ಲಿ ಒಬ್ಬನೇ ಇದ್ದ. ಅವನ ಕೆಲಸ ಮೆಗ್ನೀಸಿಯಂ ತೆಗೆಯುವುದು. ಸುಟ್ಟ ಕಲ್ಲಿನ ಬಿಳಿ ಪುಡಿಗೆ ಸಿಲಿಕಾನ್ ಬೆರೆತ ಕಬ್ಬಿಣದ ಪುಡಿ ಸೇರಿಸಿ ಒತ್ತಿದ ಉಂಡೆಗಳನ್ನು ಉಕ್ಕಿನ ಉದ್ದನೆಯ ಕೊಳವೆಗಳಿಗೆ ತುಂಬಬೇಕು. ಮುಚ್ಚಳ ಬಿಗಿದು, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಸಾವಿರದ ಇನ್ನೂರು ಡಿಗ್ರಿಯಲ್ಲಿ ಹತ್ತು ಗಂಟೆ ಕಾಯಿಸಬೇಕು. ಆಗ ಲೋಹ ಆವಿಯಾಗಿ ಹೊರಟು ಕೊಳವೆಯ ತಣ್ಣನೆಯ ತುದಿಯಲ್ಲಿ ಹರಳುಗಟ್ಟುತ್ತದೆ.

ಪಂಪುಗಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮಾಪಕದ ಮುಳ್ಳು ನೋಡುತ್ತಿದ್ದಾಕೆ ಪಂಪಿನಕ್ಕ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆ ಗದ್ದಲದಲ್ಲಿ ಮಾತು ಕೇಳಿಸುವ ಹಾಗಿರಲಿಲ್ಲ. ಇಬ್ಬರ ಕಿವಿಗೂ ಬಿರಡೆ. ಹನ್ನೊಂದು ವರ್ಷ ಅವರ ವ್ಯವಹಾರವೆಲ್ಲ ಕೈಸನ್ನೆಯಲ್ಲೇ ನಡೆಯಿತು. ಎರಡು ಬೆರಳೆತ್ತಿದರೆ ತಡಿ, ಅಂಗೈ ಬಿಚ್ಚಿದರೆ ಮುಚ್ಚಳ ತೆಗಿ. ಮೈ ಹುಷಾರಾ, ಊಟ ಆಯ್ತಾ ಎನ್ನುವುದಕ್ಕೂ ಸನ್ನೆಗಳಿದ್ದವು.

ಒಂದು ಸೋಮವಾರ ಆ ಕುರ್ಚಿ ಖಾಲಿಯಿತ್ತು. ಮಾಪಕಗಳೆಲ್ಲ ಇನ್ನು ಮೇಲೆ ಮಹಡಿಯ ಕೋಣೆಯ ಪರದೆಯಲ್ಲೇ ಕಾಣುತ್ತವೆ, ಆಕೆ ಕೆಲಸ ಬಿಟ್ಟರು ಎಂದು ಮೇಲ್ವಿಚಾರಕ ಹೇಳಿದ. ನಾಲ್ಕನೇ ದಿನ ಅವನು ಒಂಬತ್ತನೇ ಕೊಳವೆಯ ಮುಚ್ಚಳ ತೆಗೆದಾಗ ಒಳಗೆ ಗಟ್ಟಿ ಹರಳಿನ ಬದಲು ಬೂದುಬಣ್ಣದ ಹುಡಿ ಕೂತಿತ್ತು. ಗಾಳಿ ತಗುಲಿದ್ದೇ ತಡ, ಕಣ್ಣು ಕುಕ್ಕುವ ಬೆಳ್ಳನೆ ಬೆಂಕಿ. ಒಣ ಮರಳು ಸುರಿದು ಆರಿಸಿದ. ಎಡಗೈಯ ಕೂದಲು ಸುಟ್ಟಿತು, ಅಷ್ಟೇ. ಆದರೆ ಬೆಂಕಿ ಹೊತ್ತಿದಾಗ ತಾನು ಮೊದಲು ತಿರುಗಿ ನೋಡಿದ್ದು ಆ ಖಾಲಿ ಕುರ್ಚಿಯನ್ನು ಎಂಬುದು ಮನೆಗೆ ಬಂದ ಮೇಲೆ ನೆನಪಾಗಿ, ತಟ್ಟೆಯ ಮುಂದೆ ಸುಮ್ಮನೆ ಕೂತುಬಿಟ್ಟ.

ಪಂಪಿನಕ್ಕ ಊರೇ ಬಿಡುತ್ತಾಳಂತೆ ಎಂಬ ಸುದ್ದಿ ಕಿವಿಗೆ ಬಿತ್ತು. ಭಾನುವಾರ ಬೆಳಿಗ್ಗೆ ಅವರಿವರನ್ನು ಕೇಳಿ ಆಕೆಯ ಮನೆ ಹುಡುಕಿಕೊಂಡು ಹೋದ. ಬಾಗಿಲಲ್ಲೇ ಕಟ್ಟಿಟ್ಟ ಪೆಟ್ಟಿಗೆಗಳಿದ್ದವು. ಹೇಗಿದ್ದೀರಿ ಎಂದು ಅವನು ಕೇಳಿದಾಗ ಆಕೆಗೆ ನಗು ಬಂತು.

"ಇಷ್ಟು ದೊಡ್ಡ ಮೈಗೆ ಇಷ್ಟು ಸಣ್ಣ ದನಿಯಾ? ಬನ್ನಿ, ಕೂತ್ಕೊಳ್ಳಿ."

ಕೂತ. ಗಡಿಯಾರದ ಸದ್ದು ಕೇಳುವಷ್ಟು ನಿಶ್ಶಬ್ದವಾಗಿದ್ದ ಕೋಣೆಯಲ್ಲಿ ಇಬ್ಬರಿಗೂ ಏನು ಮಾತಾಡಬೇಕೆಂದು ತೋಚಲಿಲ್ಲ. ಕೊನೆಗೆ ಅವನು ಬೆಂಕಿಯ ಸಂಗತಿ ಹೇಳಿದ. ಆಕೆಯ ಮುಖ ಸಪ್ಪಗಾಯಿತು. ಒಂಬತ್ತರ ಮುಚ್ಚಳದ ವಾಷರ್ ಎಷ್ಟು ಸಲ ಬದಲಿಸಿದರೂ ಗಾಳಿ ಒಳಕ್ಕೆ ಸೋರಿ, ಲೋಹ ಹರಳುಗಟ್ಟದೆ ಹುಡಿಯಾಗುತ್ತಿತ್ತಂತೆ. ಮಾಪಕ ತೋರಿಸುವಷ್ಟರಲ್ಲಿ ತಡವಾಗುತ್ತದೆಂದು, ಅವನು ಬೇರೆ ಕಡೆ ತಿರುಗಿದ್ದಾಗ ಆಕೆ ಬಿರಡೆ ತೆಗೆದು, ಸಲಾಕೆಯ ಒಂದು ತುದಿ ಮುಚ್ಚಳಕ್ಕೆ, ಇನ್ನೊಂದು ತುದಿ ಕಿವಿಗೆ ಇಟ್ಟು ಆಲಿಸುತ್ತಿದ್ದಳಂತೆ. ಸುಯ್ ಎಂದರೆ ಎರಡು ಬೆರಳೆತ್ತಿ, ಕೊಳವೆ ಪೂರ್ತಿ ಆರುವ ತನಕ ಅವನನ್ನು ತಡೆಯುತ್ತಿದ್ದಳಂತೆ.

ಪಂಪು ನಿಧಾನವೆಂದು ಅಷ್ಟೂ ವರ್ಷ ಗೊಣಗಿದ್ದವನು ಕೂದಲು ಸುಟ್ಟ ಎಡಗೈಯನ್ನು ಸವರಿಕೊಂಡ.

"ನನಗೆ ಹೇಳ್ಬಾರದಿತ್ತಾ?"

"ಹೇಳಿದ್ರೆ ದಿನಾ ಹೆದರ್ಕೊಂಡು ಕೆಲಸ ಮಾಡ್ತಿದ್ರಿ."

ಅವನು ನೆಲ ನೋಡುತ್ತಾ, "ಹೋಗ್ಬೇಡಿ ಅಂತ ಹೇಳೋಕೆ ಬಂದೆ. ಆ ಮನೇಲಿ ಒಬ್ಬನೇ ಇರೋದು ಸಾಕಾಗಿದೆ" ಎಂದ.

ಆಕೆ ಬಾಗಿಲ ಬಳಿಯ ಪೆಟ್ಟಿಗೆಗಳ ಕಡೆ ನೋಡಿದಳು. ತಂಗಿ ಹಾಸಿಗೆ ಹಿಡಿದಿದ್ದಾಳೆ, ನೋಡಿಕೊಳ್ಳುವವರು ಯಾರೂ ಇಲ್ಲ, ಬುಧವಾರ ಬರುತ್ತೇನೆಂದು ಮಾತು ಕೊಟ್ಟಾಗಿದೆ ಎಂದಳು. ಆಮೇಲೆ ಮೆಲ್ಲಗೆ, "ಹೋದ ವರ್ಷ ಕೇಳಿದ್ದಿದ್ರೆ ಇಲ್ಲ ಅಂತಿರಲಿಲ್ಲ" ಎಂದಳು.

ಬುಧವಾರ ರಜೆ ಹಾಕಿ ಪೆಟ್ಟಿಗೆಗಳನ್ನೆಲ್ಲ ಅವನೇ ಬಸ್ಸಿಗೆ ಏರಿಸಿದ. ಗುರುವಾರ ಮೇಲ್ವಿಚಾರಕನ ಮೇಜಿನ ಮುಂದೆ ನಿಂತು, ಒಂಬತ್ತನೇ ಕೊಳವೆ ತೆಗೆದು ಹಾಕುವ ತನಕ ತಾನು ಯಾವ ಮುಚ್ಚಳವನ್ನೂ ಮುಟ್ಟುವುದಿಲ್ಲ ಎಂದ. ಅವನ ಬಾಯಿಂದ ಅಷ್ಟು ಮಾತು ಕೇಳಿಯೇ ಇರದ ಮೇಲ್ವಿಚಾರಕ ಮರುಮಾತಾಡದೆ ಒಪ್ಪಿಕೊಂಡ. ಅದನ್ನು ಕಿತ್ತು ಹೊರಗೆ ಸಾಗಿಸುವಾಗ ಕೆಲಸಗಾರರೆಲ್ಲ ಬಂದು ನೋಡಿದರು. ಅವನು ನೋಡಲಿಲ್ಲ. ಮುಂದಿನ ಸರದಿಯ ಉಂಡೆಗಳನ್ನು ಎಂಟನೆಯದಕ್ಕೆ ಒಂದೊಂದಾಗಿ ತುಂಬುತ್ತಿದ್ದ.