ಒಬ್ಬರ ಕೋಣೆ

ಮೂರನೇ ಮಹಡಿಯಿಂದ ಅಕ್ಕನ ಹೆಣ ಇಳಿಸುತ್ತಿದ್ದ ನಾಲ್ವರೂ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡರು. ಆ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ, ಇಬ್ಬರು ಎದುರಾದರೆ ಸರದಿಯ ಮೇಲೆ ಉಸಿರಾಡಬೇಕು. ಹಿಂದೆ ಬರುತ್ತಿದ್ದ ತಂಗಿ ಕೆಳಗೆ ಇಣುಕಿದಳು. ಕೊನೆಯ ಮೆಟ್ಟಿಲಲ್ಲಿ ಮನೆ ಮಾಲೀಕ. ಅವನ ಬೆನ್ನಿಗೆ ಯಾರೋ ಗಂಡಹೆಂಡಿರು, ಕೈಯಲ್ಲಿ ಅಳತೆಯ ಟೇಪು. ಊರಲ್ಲಿ ಬಾಡಿಗೆ ಮನೆಗೆ ಬಂದಿದ್ದ ಬರ ಅಂಥದ್ದು: ಒಳಗೆ ಯಾರಾದರೂ ಕೆಮ್ಮಿದರೆ ಸಾಕು, ಹೊರಗೆ ನಾಲ್ಕು ಜನ ಮುಂಗಡ ಹಿಡಿದು ನಿಂತಿರುತ್ತಿದ್ದರು.

*

ಕರಾರುಪತ್ರದಲ್ಲಿ ಇದ್ದದ್ದು ಅಕ್ಕನ ಹೆಸರೊಂದೇ. ‘ಒಬ್ಬರಿಗೆ ಮಾತ್ರ’ ಎಂದು ಬರೆದಿದ್ದರಿಂದಲೇ ಬಾಡಿಗೆ ಅಷ್ಟು ಅಗ್ಗ. ಆ ಒಬ್ಬರ ಜಾಗದಲ್ಲಿ ಇಬ್ಬರು ಹತ್ತೊಂಬತ್ತು ವರ್ಷ ಬಾಳಿದರು. ಅಕ್ಕ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಯಾ. ತಂಗಿ ಹಗಲೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. ಒಬ್ಬಳು ಎದ್ದ ಹಾಸಿಗೆಯಲ್ಲಿ ಇನ್ನೊಬ್ಬಳು ಮಲಗುತ್ತಿದ್ದಳು. ಅಷ್ಟು ವರ್ಷದಲ್ಲಿ ಆ ಹಾಸಿಗೆ ಒಂದು ದಿನವೂ ತಣ್ಣಗಾದದ್ದಿಲ್ಲ. ಇಬ್ಬರ ಮುಖವೂ ಒಂದೇ ಅಚ್ಚು. ಮಾಲೀಕನಿಗೋ ಗೋಡೆಯ ಬಿರುಕು ಹರದಾರಿ ದೂರದಿಂದ ಕಾಣುತ್ತಿತ್ತು, ಬಾಡಿಗೆದಾರರ ಮುಖ ಎದುರಿಗೇ ಇದ್ದರೂ ಕಾಣುತ್ತಿರಲಿಲ್ಲ. ತಿಂಗಳ ಮೊದಲ ದಿನ ಬಾಗಿಲು ತೆರೆದವಳೇ ಅವನ ಪಾಲಿಗೆ ಅಕ್ಕ.

ಈ ಕೋಣೆ ಕೈತಪ್ಪಿದರೆ ಅದೇ ಓಣಿಯಲ್ಲಿ ಕೋಳಿಗೂಡಿಗೂ ತಂಗಿಯ ಸಂಬಳ ಸಾಲದು.

*

“ಯಾರಮ್ಮ ಹೋದದ್ದು?” ಮಾಲೀಕ ತಲೆಯೆತ್ತಿ ಕೇಳಿದ.

ತಂಗಿ ಸೆರಗನ್ನು ತಲೆಯ ಮೇಲೆಳೆದುಕೊಂಡಳು. “ನನ್ನ ತಂಗಿ,” ಎಂದಳು.

“ನಿಮಗೊಬ್ಳು ತಂಗಿ ಇದ್ಲಾ? ನಾನು ನೋಡೇ ಇಲ್ವಲ್ಲ.”

“ಬಂದು ಹೋಗಿ ಮಾಡ್ತಿದ್ಲು.”

ಅಷ್ಟರಲ್ಲಿ ಲಾಂಡ್ರಿಯ ಗೆಳತಿ “ಅಯ್ಯೋ ಅಕ್ಕಾ” ಎಂದು ರಾಗ ತೆಗೆದಳು. ಎಲ್ಲ ಬಲ್ಲ ಕೆಳಮನೆಯ ದರ್ಜಿ ಅವಳ ಕಾಲು ತುಳಿದ ರಭಸಕ್ಕೆ ಅಕ್ಕ ಮರೆತುಹೋಗಿ ಬರೀ ಅಯ್ಯೋ ಉಳಿಯಿತು.

ಗಂಡಹೆಂಡಿರು ಟೇಪು ಸುತ್ತಿಕೊಂಡು ಹೊರಟರು. ತಂಗಿ ಉಸಿರು ಬಿಡುವಷ್ಟರಲ್ಲಿ ಮಾಲೀಕ, “ಹಳೇ ಬಾಡಿಗೆದಾರರು ನೀವು. ನಾನೂ ಬರ್ತೀನಿ,” ಎಂದ.

ಸ್ಮಶಾನದ ಗುಮಾಸ್ತ ಡಾಕ್ಟರ ಚೀಟಿಯನ್ನು ಉದ್ದುದ್ದ ಹಿಡಿದ, ಅಡ್ಡಡ್ಡ ಹಿಡಿದ. ಇರುವೆ ಶಾಯಿಯಲ್ಲಿ ಬಿದ್ದು ಎದ್ದು ಓಡಿದಂತಿತ್ತು ಆ ಬರಹ.

“ಸತ್ತೋರ ಹೆಸರು ಬಾಯಲ್ಲೇ ಹೇಳಿಬಿಡಮ್ಮ.”

ಮಾಲೀಕ ಹಿಂದೆಯೇ ನಿಂತಿದ್ದ. ಅವನ ಉಸಿರು ಅವಳ ಕತ್ತಿಗೆ ತಾಗುತ್ತಿತ್ತು. ತಂಗಿ ತನ್ನ ಹೆಸರು ಹೇಳಿದಳು. ಹುಟ್ಟಿದಂದಿನಿಂದ ಹೊತ್ತು ತಿರುಗಿದ ಹೆಸರು, ಆದರೂ ತೊದಲಿತು. ಗುಮಾಸ್ತ ಅದನ್ನು ಗುಂಡಗೆ ಬರೆದು ಮೊಹರು ಒತ್ತಿದ. ಅರ್ಧ ಊರಿನ ಕೂಸುಗಳಿಗೆ ಮೊದಲ ಸ್ನಾನ ಮಾಡಿಸಿದ್ದ ಅಕ್ಕ, ತನ್ನದಲ್ಲದ ಹೆಸರು ಹೊದ್ದು ಸಾಲಿನಲ್ಲಿ ಮಲಗಿದಳು.

ಎಲ್ಲರೂ ಬೆಂಚಿನ ಮೇಲೆ ಕಾದರು. ಬಾಡಿಗೆ ಎಲ್ಲೆಲ್ಲಿ ಎಷ್ಟೆಷ್ಟು ಏರಿದೆಯೆಂದು ಮಾಲೀಕ ಮೆಲುದನಿಯಲ್ಲಿ ವರದಿ ಒಪ್ಪಿಸುತ್ತಿದ್ದ. ತಂಗಿ ಹೂಂಗುಡುತ್ತಿದ್ದಳು.

ಹೆಣ ಸುಡುವ ಕುಲುಮೆಯ ಕಬ್ಬಿಣದ ಬಾಗಿಲು ಕಿರುಗುಟ್ಟಿತು. ಆಳು ಹೊರಬಂದು ಗುಮಾಸ್ತ ಬರೆದ ಚೀಟಿ ನೋಡಿ ಹೆಸರು ಕೂಗಿದ.

“ಹ್ಞಾ, ಬಂದೆ,” ಎಂದು ತಂಗಿ ಎದ್ದು ನಿಂತಳು.

ಮಾಲೀಕನ ಮಾತು ಅರ್ಧಕ್ಕೇ ನಿಂತಿತು. ಬೆಂಕಿಯ ಕಾವು ಅವಳ ಮುಖಕ್ಕೆ ಬಡಿಯುತ್ತಿತ್ತು. ಎತ್ತಿಟ್ಟ ಕಾಲು ಮುಂದೆಯೂ ಹೋಗದು, ಹಿಂದೆಯೂ ಬಾರದು. ಯಾರೂ ಬರಲಿಲ್ಲವೆಂದುಕೊಂಡು ಆಳು ಅದೇ ಹೆಸರನ್ನು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಕೂಗಿದ.