ಪರಮಣ್ಣನ ಕರಡಿಗೆ

ಅಂದು ಮುಂಜಾನೆ ಗೋವಾದ ಫೋಂಡಾದಲ್ಲಿ ಮಳೆ ನಿಂತಿತ್ತು, ಬಿಸಿಲು ಬಂದಿರಲಿಲ್ಲ; ಒದ್ದೆ ಕಂಬಳಿ ಹೊದ್ದಂಥ ಸೆಕೆ. ಪಿತ್ತಕೋಶದ ಆಪರೇಷನ್ನಿಗೆ ಮುಂಚೆ ಕಾಂಟ್ರಾಕ್ಟರ್ ಕಂಠೆಪ್ಪನ ಕೊರಳಿಂದ ಲಿಂಗದ ಬೆಳ್ಳಿ ಕರಡಿಗೆ ಬಿಚ್ಚಿದವಳು ನರ್ಸ್ ದ್ರಾಕ್ಷಾಯಿಣಿ.

“ಲಿಂಗಾ ಮೈಬಿಟ್ಟು ಇರಬಾರದ್ರಿ ಸಿಸ್ಟರ್,” ಎಂದು ಅವನು ಕೈಮುಗಿದ.

“ಖರೇರಿ ಸಾವ್ಕಾರ್ರ. ನಮ್ಮಪ್ಪ ಪರಮಣ್ಣನೂ ನಿಮಗ ಹಿಂಗ ಕೈಮುಗದಿದ್ದ. ನೆನಪೈತೇನ್ರಿ?”

ಕಂಠೆಪ್ಪ ಗೋಡೆಗೆ ಮುಖ ತಿರುಗಿಸಿದ.

ಆಳುಗಳು ಊರಿಗೆ ಓಡಬಾರದೆಂದು ಅವರ ಕರಡಿಗೆಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಅವನ ಪದ್ಧತಿಯಾಗಿತ್ತು. ತೊಂಬತ್ತೈದರಲ್ಲಿ ಪರಮಣ್ಣ ಕಟ್ಟಡದಿಂದ ಬಿದ್ದು ಸತ್ತಾಗ ಬೀಗದಕೈ ಸಿಗುತ್ತಿಲ್ಲವೆಂದ. ಲಿಂಗವಂತನನ್ನು ಅಂಗೈಯಲ್ಲಿ ಲಿಂಗವಿಟ್ಟೇ ಮಣ್ಣು ಮಾಡಬೇಕು. ಅಪ್ಪ ಹೋದದ್ದು ಬರಿಗೈಯಲ್ಲಿ. ಹನ್ನೆರಡು ವರ್ಷವಾದರೂ ಮಗಳು ಆ ಕೈಯನ್ನು ಮರೆತಿರಲಿಲ್ಲ.

ಆಪರೇಷನ್ ಮುಗಿದರೂ ಅವಳು ಕರಡಿಗೆ ಕೊಡಲಿಲ್ಲ. “ನಮ್ಮಪ್ಪಂದು ಬರಲಿ, ನಿಮ್ಮದು ಕೊಡ್ತೀನಿ,” ಎಂದು ಕಿಸೆಯಲ್ಲಿಟ್ಟುಕೊಂಡಳು. ಕಂಠೆಪ್ಪ ಹೊರಳಾಡಿದ, ನೀರು ಕೇಳಿದ, ಎದೆ ತಡಕಿದ. ಅವಳಿಗೆ ಹಿತವಾಯಿತು. ಶಿವ ಕ್ಷಮಿಸಲಿ, ಬಹಳ ಹಿತವಾಯಿತು.

ಬಿಪಿ ಸರಿಯಿದೆ, ಲಿಂಗಕ್ಕಾಗಿ ಹಟ ಮಾಡುತ್ತಿದ್ದಾನೆ, ನಿದ್ದೆಯ ಇಂಜೆಕ್ಷನ್ ಕೊಡಿ ಎಂದು ಬರೆದು ಡಾಕ್ಟರು ಹೋದರು.

ಸಿರಿಂಜ್ ಹಿಡಿದು ಮಣಿಕಟ್ಟು ಮುಟ್ಟಿದಳು. ಅಂಥ ಸೆಕೆಯಲ್ಲೂ ಮೈ ತಣ್ಣಗೆ, ಅಂಟುಬೆವರು. ನಾಡಿ ನೂರಾ ಮೂವತ್ತು. ಹೊಟ್ಟೆ ಬಿಗಿದಿತ್ತು. ಇದು ಹಟವಲ್ಲ, ಒಳಗೆ ರಕ್ತ ಸೋರುತ್ತಿದೆ. ಬಿಪಿ ಬೀಳುವುದು ಕಡೆಗೆ. ಅವಳ ಬೆರಳಿಗೆ ಅದು ಗೊತ್ತಿತ್ತು. ಸೂಜಿ ಚುಚ್ಚಿದರೆ ಸದ್ದಿಲ್ಲದೆ ಮುಗಿಯುತ್ತದೆ. ಡಾಕ್ಟರ ಸಹಿ ಇದೆ, ಅವಳನ್ನು ಯಾರು ಕೇಳುತ್ತಾರೆ?

ಅವನ ಕಿವಿಗೆ ಬಗ್ಗಿದಳು. “ಇಷ್ಟು ಸಸಾರ ಹೋಗಾಕ ಬಿಡಂಗಿಲ್ಲ ನಿಮ್ಮನ್ನ. ಕೊಡೂದೈತಿ. ಕೊಟ್ಟು ಹೋಗ್ರಿ.”

ಸಿರಿಂಜ್ ಬದಿಗಿಟ್ಟು ಡಾಕ್ಟರ ಬಳಿ ಓಡಿದಳು. ಅವರೇ ಬಂದು ಹೊಟ್ಟೆ ಮುಟ್ಟಿ ನೋಡುವವರೆಗೆ ಸೂಜಿ ಹಾಕುವುದಿಲ್ಲವೆಂದು ಬಾಗಿಲಲ್ಲೇ ನಿಂತಳು. ಅವರು ಮೊದಲು ರೇಗಿದರು. ಮುಟ್ಟಿದೊಡನೆ ಥಿಯೇಟರ್ ಸಿದ್ಧಮಾಡಿಸಿದರು. ಮತ್ತೆ ಹೊಟ್ಟೆ ತೆರೆದು, ಸೋರುತ್ತಿದ್ದ ರಕ್ತನಾಳ ಕಟ್ಟಿದರು.

ಐದನೆಯ ದಿನ, ಕಂಠೆಪ್ಪ ಹೇಳಿಕಳಿಸಿದಂತೆ, ಅವನ ಹೆಂಡತಿ ಚಂದವ್ವ ಸಾಂಖಳಿಯ ಮನೆಯಿಂದ ಬಂದಳು. “ಪೆಟ್ಟಿಗಿ ತಳದಾಗ ಇತ್ತವ್ವಾ. ಅದರ ಮ್ಯಾಲ ಹಾಸಿಗಿ ಹಾಸಿ ಮಲಗೀವಿ ನಾವು,” ಎಂದು ಸೆರಗಿನ ಗಂಟು ಬಿಚ್ಚಿ ಗಂಡನ ಕೈಗಿಟ್ಟಳು. ಒಂದು ಮಗ್ಗುಲು ನೆಗ್ಗಿ ಕಪ್ಪಾದ, ಪರಮಣ್ಣನ ಕರಡಿಗೆ. ಕಂಠೆಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ನರ್ಸ್ ಕಡೆಗೆ ಚಾಚಿದ.

ದ್ರಾಕ್ಷಾಯಿಣಿ ಅದನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ನಾಡಿ ನೋಡುವವಳಂತೆ ಅವನ ಮಣಿಕಟ್ಟು ಹಿಡಿದು, ಕಿಸೆಯಲ್ಲಿದ್ದುದನ್ನು ಅಂಗೈಯಲ್ಲಿಟ್ಟು, ಬೆರಳು ಮಡಚಿದಳು.